ಹನ್ನೊಂದು ಶನಿವಾರ

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಎಂದರೆ ಟೆಲಿಫೋನಿನ ವಯರನ್ನು ಗೋಡೆಯಿಂದ ಕಿತ್ತು, ಅರವತ್ತು ಎಣಿಸಿ, ಮತ್ತೆ ಚುಚ್ಚುವುದು. ಕೀಳುವಾಗ ಯಂತ್ರದೊಳಗೆ ಎಷ್ಟು ನಮೂದು ಇದ್ದವು, ಚುಚ್ಚಿದ ಮೇಲೆ ಎಷ್ಟು ಆ ಕಡೆ ಮುಟ್ಟಿದವು ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಒಮ್ಮೆ ತಪ್ಪು ವಯರು ಕಿತ್ತು, ಪಕ್ಕದ ಕೋಣೆಯಲ್ಲಿ ಕಾರ್ಖಾನೆಯ ಮ್ಯಾನೇಜರು ತಮ್ಮ ಬೀಗರ ಜೊತೆ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಕಡಿದೆ. ಅದನ್ನೂ ಬರೆದಿದ್ದೇನೆ: 'ಯಶಸ್ವಿ ಸೊನ್ನೆ, ಬೈಗುಳ ಒಂದು.'

ಹೋದ ವರ್ಷ ನಿವೃತ್ತಳಾದ ಮೇಲೆ ಪರಿಚಯದವರ ಮಕ್ಕಳು ಬಂದು ಯಾವ ಭಾಷೆ ಕಲಿಯಬೇಕು, ಯಾವ ಕೋರ್ಸ್ ಮಾಡಬೇಕು ಎಂದು ಕೇಳುತ್ತಾರೆ. ನಾನು ಕಲಿತ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೂರು ಈಗ ಯಾರಿಗೂ ಬೇಡ. ಆದ್ದರಿಂದ ಅವರಿಗೆ ಉಪಯೋಗವಾಗುವ ಸಲಹೆ ನನ್ನಲ್ಲಿಲ್ಲ. ಕೆಲಸ ಒಳಗಿನಿಂದ ಹೇಗಿತ್ತು ಎಂದು ಮಾತ್ರ ಹೇಳಬಲ್ಲೆ.

ನಮ್ಮ ತಂದೆ ಕೇಂದ್ರ ಸರಕಾರದ ನೌಕರರು. ಬೀದರಿನಿಂದ ನಾಶಿಕಕ್ಕೆ ವರ್ಗವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ತೊಂಬತ್ತರ ದಶಕದ ನಡುವೆ, ಇಪ್ಪತ್ತೆಂಟನೆಯ ವಯಸ್ಸಿಗೆ, ಸಾತಪುರದ ಕೈಗಾರಿಕಾ ವಸಾಹತಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಒಂದು ವರ್ಕ್‌ಶಾಪಿನ ಮೇಲಿನ ಮಹಡಿ, ಆರು ಜನ. ಕೆಳಗೆ ಲೇಥ್ ತಿರುಗಿದರೆ ಮೇಲೆ ನಮ್ಮ ಪರದೆಗಳು ಅದುರುತ್ತಿದ್ದವು.

ಮಾಲೀಕರು ಶರಣಪ್ಪ ಸರ್, ಭಾಲ್ಕಿಯವರು. ನನ್ನನ್ನು ಊರ ಕಡೆಯ ಹುಡುಗಿ ಎಂದು 'ನೀ' ಎಂದೇ ಮಾತಾಡಿಸುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಬಹುವಚನಕ್ಕೆ ತಿರುಗುತ್ತಿದ್ದರು. 'ಸುವರ್ಣಾ ಅವರೇ, ಹಿಂಗ್ಯಾಕ ಮಾಡಿದ್ರಿ' ಎಂದರೆ ಆಫೀಸಿನಲ್ಲಿ ಕನ್ನಡ ಬಾರದವರೂ ತಲೆ ತಗ್ಗಿಸುತ್ತಿದ್ದರು. ನಮ್ಮ ಯಂತ್ರದಲ್ಲಿ ಪ್ರೋಗ್ರಾಮನ್ನು ಒಮ್ಮೆ ಕಂಪೈಲ್ ಮಾಡಲು, ಎಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಲು, ನಲವತ್ತು ನಿಮಿಷ ಬೇಕಿತ್ತು. ಆದ್ದರಿಂದ ಅದಕ್ಕೆ ಮುಂಚೆ ಪ್ರತಿ ಸಾಲನ್ನು ಅವರೆದುರು ಗಟ್ಟಿಯಾಗಿ ಓದಿ, ಇದು ಯಾಕೆ ಎಂದು ಹೇಳಬೇಕಾಗಿತ್ತು. ಈಗಿನವರಿಗೆ ಇದು ಶಿಕ್ಷೆಯ ಹಾಗೆ ಕಾಣಬಹುದು. ನನಗೂ ಹಾಗೇ ಕಂಡಿತ್ತು.

ನಮ್ಮ ಒಂದೇ ಒಂದು ಸರಕು ಒಂದು ಸರ್ವರ್ ಪ್ರೋಗ್ರಾಮು. ಅದಕ್ಕೆ ಟಪಾಲು ಎಂದು ಹೆಸರಿಟ್ಟಿದ್ದೆವು. ಒಂದು ಊರಿನ ಕಾರ್ಖಾನೆಯಲ್ಲಿ ಟೈಪ್ ಮಾಡಿದ ಚಲಾನು, ಎಂದರೆ ಹೊರಟ ಸರಕಿನ ಚೀಟಿ, ಟೆಲಿಫೋನ್ ಲೈನಿನ ಮೇಲೆ ಇನ್ನೊಂದು ಊರಿನ ಕಂಪ್ಯೂಟರಿಗೆ ಹೋಗಬೇಕು. ಲೈನು ಸತ್ತರೆ ಟಪಾಲು ಆ ಚಲಾನುಗಳನ್ನು ಸರತಿಯಲ್ಲಿ ಹಿಡಿದಿಟ್ಟು, ಲೈನು ಬಂದ ಮೇಲೆ ಕಳಿಸಬೇಕು. ಅಷ್ಟೇ ಅದರ ಕೆಲಸ. ಆಗಿನ ಲೈನುಗಳ ಗತಿ ಕಂಡವರಿಗೆ ಅದು ಸಣ್ಣ ಕೆಲಸವಲ್ಲ ಎಂದು ಗೊತ್ತು.

ಮುಂಬಯಿಯ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಗೆ ಇದು ಬೇಕಾಯಿತು. ಕಾರ್ಖಾನೆಗಳ ದಾಸ್ತಾನು ನೋಡಿಕೊಳ್ಳುವ ಅವರ ಪ್ಯಾಕೇಜು ದೇಶದ ತುಂಬ ಮಾರಾಟವಾಗುತ್ತಿತ್ತು. ಆದರೆ ಎರಡು ಊರುಗಳ ಯಂತ್ರಗಳನ್ನು ಕೆಟ್ಟ ಲೈನಿನ ಮೇಲೆ ಜೋಡಿಸುವ ಉಪಾಯ ಅವರಲ್ಲಿರಲಿಲ್ಲ. ಹೊಸದಾಗಿ ಬರೆಯುವ ಬದಲು ನಮ್ಮದನ್ನು ಲೈಸೆನ್ಸ್ ಪಡೆದು ತಮ್ಮ ಪ್ಯಾಕೇಜಿನೊಳಗೆ ಸೇರಿಸುತ್ತೇವೆ ಎಂದರು. ಹೆಸರು ಅವರದಿರುತ್ತದೆ, ಟಪಾಲು ಎಂಬ ಹೆಸರು ಎಲ್ಲೂ ಕಾಣುವುದಿಲ್ಲ. ಶರಣಪ್ಪ ಸರ್ ಒಪ್ಪಿದರು. ನಮ್ಮ ಐವರನ್ನೂ ಕೂರಿಸಿಕೊಂಡು, ಮಾರ್ಚಿಯೊಳಗೆ ಈ ಸಹಿ ಆಗದಿದ್ದರೆ ಏಪ್ರಿಲಿನಲ್ಲಿ ಮಹಡಿ ಖಾಲಿ ಮಾಡಬೇಕಾಗುತ್ತದೆ ಎಂದು ಮುಚ್ಚಿಡದೆ ಹೇಳಿದರು.

ಸಹಿಗೆ ಮುಂಚೆ ನಾಲ್ಕು ತಿಂಗಳ ಪ್ರಯೋಗ. ಒಂದು ಮೋಟರಿನ ಬಿಡಿಭಾಗಗಳ ಕಾರ್ಖಾನೆಗೆ ಸಾತಪುರದಲ್ಲಿ ಮುಖ್ಯ ಕಚೇರಿ, ಇಂದಿನ ಛತ್ರಪತಿ ಸಂಭಾಜಿನಗರದ ಹೊರಗೆ ವಾಳುಜಿನಲ್ಲಿ ಘಟಕ. ಆಗ ಅದು ಔರಂಗಾಬಾದ್. ವಾಳುಜಿನ ಚಲಾನುಗಳು ಟಪಾಲಿನ ಮೂಲಕ ಸಾತಪುರಕ್ಕೆ ಬರಬೇಕು. ಪ್ರಯೋಗದ ಪ್ರತಿಗೆ ದೊಡ್ಡ ಕಂಪನಿಯ ಪರೀಕ್ಷಾ ಮುಖ್ಯಸ್ಥ ಪ್ರಧಾನ್ ಸಾಹೇಬರು ಮೊಹರು ಹಾಕಿದ್ದರು. ಪ್ರಯೋಗ ಮುಗಿಯುವತನಕ ಒಂದು ಅಕ್ಷರ ಬದಲಿಸುವಂತಿರಲಿಲ್ಲ. ಕೊನೆಗೆ ಗೊತ್ತಿರುವ ದೋಷಗಳ ಪಟ್ಟಿಯೊಂದನ್ನು ಪರೀಕ್ಷೆ ಮಾಡಿದವರ ಸಹಿಯೊಂದಿಗೆ ಒಪ್ಪಂದಕ್ಕೆ ಲಗತ್ತಿಸಬೇಕು. ಆ ಪರೀಕ್ಷಕಿ ನಾನು.

ನನ್ನ ಡೈರಿಯ ಲೆಕ್ಕ ಹೀಗಿತ್ತು: ಲೈನು ಸತ್ತದ್ದು ಇನ್ನೂರ ಹನ್ನೆರಡು ಸಲ. ಎಲ್ಲ ಚಲಾನೂ ಸರಿಯಾಗಿ ಮುಟ್ಟಿದ್ದು ಇನ್ನೂರ ಒಂಬತ್ತು ಸಲ. ಚಲಾನು ಕಳೆದುಹೋಗಿದೆ ಎಂದು ಸಾತಪುರದ ಕಚೇರಿ ದೂರಿದ್ದು ಮೂರು ಸಲ. ಆ ಮೂರಕ್ಕೆ ಕಾರಣ ನನಗೆ ಸಿಕ್ಕಿರಲಿಲ್ಲ.

"ಲೈನ್ ದೋಷ ಅಂತ ಬರಿ," ಎಂದರು ಶರಣಪ್ಪ ಸರ್.

"ಲೈನ್ ಕೆಟ್ಟಾಗ ಹಿಡಕೊಂಡು ಕೂಡೋದೇ ಟಪಾಲಿನ ಕೆಲಸ ಅಲ್ಲೇನ್ರಿ ಸರ್. ಲೈನ್ ದೋಷ ಅಂತ ಹೆಂಗ ಬರೀಲಿ?"

"ಹಂಗಾರ ಕಾರಣ ಹುಡುಕು. ಹುಡುಕೂ ತನಕ ಲೈನ್ ಅಂತನs ಇರಲಿ."

ಕೊನೆಯ ಪ್ರಯೋಗವನ್ನು ಪ್ರಧಾನ್ ಸಾಹೇಬರು ವಾಳುಜಿನಲ್ಲೇ ಕೂತು ನೋಡುವುದು ಎಂದು ನಿಗದಿಯಾಯಿತು. ದಿನವನ್ನು ನಾವೇ ಆರಿಸಿದೆವು, ಶನಿವಾರ. ಸಾತಪುರದಲ್ಲಿ ಶನಿವಾರ ರಜೆ. ಆಫೀಸಿನ ಕೆಲಸ ಕೆಡುವುದಿಲ್ಲ ಎಂಬ ಲೆಕ್ಕ. ಮಾರ್ಚಿಯ ಎರಡನೆಯ ಶುಕ್ರವಾರ ಬೆಳಗಿನ ಬಸ್ಸು ಹಿಡಿದು, ಯೇವಲಾ ವೈಜಾಪುರ ದಾಟಿ, ಯಂತ್ರವನ್ನು ಒಮ್ಮೆ ನೋಡಿಡೋಣ ಎಂದು ಶರಣಪ್ಪ ಸರ್ ಮತ್ತು ನಾನು ಮಧ್ಯಾಹ್ನಕ್ಕೆ ವಾಳುಜ್ ತಲುಪಿದೆವು. ಗೇಟು ಮುಚ್ಚಿತ್ತು. ನಮ್ಮದೊಂದೇ ಅಲ್ಲ, ರಸ್ತೆಯ ಉದ್ದಕ್ಕೂ ಎಲ್ಲ ಗೇಟುಗಳೂ ಮುಚ್ಚಿದ್ದವು. ಗಂಗಾಪುರದ ಕಡೆ ಹೋಗುವ ಬಸ್ಸಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಆಜ್ ಸುಟ್ಟಿ ಆಹೇ ನಾ ಸಾಹೇಬ್," ಎಂದ ಕಾವಲುಗಾರ. "ಶುಕ್ರವಾರ್. ನಾಶಿಕ್‌ಹೂನ್ ಆಲಾತ್ ಕಾ?" ನಾಶಿಕದವರೇ ಹೀಗೆ ಬರಬಲ್ಲರು ಎಂಬಂತೆ ನಕ್ಕ.

ಮಹಾರಾಷ್ಟ್ರದ ಕೈಗಾರಿಕಾ ವಸಾಹತುಗಳಲ್ಲಿ ಕೆಲಸ ಮಾಡಿದವರಿಗೆ ಇದು ತಿಳಿದದ್ದೇ. ಕರೆಂಟಿನ ಭಾರ ಒಂದೇ ದಿನ ಬೀಳದಿರಲಿ ಎಂದು ಒಂದೊಂದು ವಸಾಹತಿಗೆ ಒಂದೊಂದು ವಾರದ ರಜೆ. ನಮಗೆ ಶನಿವಾರ, ಇಲ್ಲಿ ಶುಕ್ರವಾರ. ನಾಲ್ಕು ತಿಂಗಳಲ್ಲಿ ನಾವು ಬಂದದ್ದೆಲ್ಲ ಸೋಮವಾರ, ಮಂಗಳವಾರ. ಹಾಗಾಗಿ ನಮಗೆ ಕಂಡಿರಲಿಲ್ಲ.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆ. ನೀರು ಕುಡಿಯುವಾಗ ಹೊಳೆಯಿತು. ಟಪಾಲು ವಾರಕ್ಕೊಮ್ಮೆ ತನ್ನ ಹಳೆಯ ಸರತಿಯನ್ನು ಅಳಿಸಿ ಹೊಸದನ್ನು ತೆರೆಯುತ್ತಿತ್ತು. ಇಲ್ಲದಿದ್ದರೆ ಆಗಿನ ಡಿಸ್ಕು ತುಂಬಿಬಿಡುತ್ತಿತ್ತು. ಆ ತುಣುಕನ್ನು ಬರೆದವಳು ನಾನು, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಅಳಿಸು ಎಂದು ಬರೆದಿದ್ದೆ. ಕಳಿಸದೇ ಉಳಿದದ್ದು ಏನಾದರೂ ಇದೆಯೇ ಎಂದು ನೋಡುವ ಸಾಲನ್ನು ಬರೆದಿರಲಿಲ್ಲ. ಶನಿವಾರ ಕಾರ್ಖಾನೆಯಲ್ಲಿ ಯಾರಿರುತ್ತಾರೆ? ಓದಿ ಹೇಳಿದಾಗ ಶರಣಪ್ಪ ಸರ್ ಕೂಡ ಯಾಕೆ ಎಂದು ಕೇಳಿರಲಿಲ್ಲ. ಅವರಿಗೂ ಶನಿವಾರ ರಜೆಯೇ.

ಡೈರಿಯ ಕೊನೆಯ ಪುಟದಲ್ಲಿ ಕ್ಯಾಲೆಂಡರ್ ಇತ್ತು. ಕಳೆದುಹೋದ ಮೂರು ತಾರೀಖುಗಳನ್ನು ಅದಕ್ಕೆ ಹೊಂದಿಸಿದೆ. ಮೂರೂ ಶನಿವಾರ. ಗಂಟೆ ಎರಡೂ ಇಪ್ಪತ್ತು ಎಂದು ಬರೆದುಕೊಂಡೆ. ನಾಲ್ಕು ತಿಂಗಳು ತಾರೀಖು ಬರೆದಿದ್ದೆ, ಗಂಟೆ ಬರೆದಿದ್ದೆ, ವಾರ ಬರೆದಿರಲಿಲ್ಲ.

ಎದುರಿನ ಚಹಾದ ಗೂಡಂಗಡಿಯಲ್ಲಿ ಶರಣಪ್ಪ ಸರ್‌ಗೆ ಹೇಳಿದೆ. ಅವರು ಅರ್ಧ ಕಪ್ ಚಹಾ ಹಾಗೇ ಕೆಳಗಿಟ್ಟರು.

"ಎಷ್ಟು ಸಾಲಿನ ಕೆಲಸ?"

"ಎರಡು ಸಾಲು. ಆದ್ರ ಮೊಹರು ಬಿದ್ದದಲ್ರಿ. ನಾಳೆ ಇದೇ ಪ್ರತಿ ಓಡಬೇಕು."

"ನಾಳೆ ಎಂಟಕ್ಕ ಲೈನ್ ಸತ್ತಿದ್ರ?"

"ಮುಂಜಾನೆ ಅಲ್ಲಿ ಲೈನ್ ಸಾಯೋದು ದಿನಾ ಇದ್ದದ್ದರಿ. ಮೊದಲ ಪಾಳಿ ಏಳಕ್ಕ ಚಲಾನ್ ಹಾಕ್ಲಿಕ್ಕ ಶುರು ಮಾಡತದ. ಎಂಟಕ್ಕ ಎಲ್ಲಾ ಅಳಿಸಿ ಹೋಗತದ. ಪ್ರಧಾನ್ ಸಾಹೇಬರಿಗೆ ಮೊದಲs ಹೇಳಿಬಿಡೂಣ್ರಿ."

ಅವರು ನನ್ನ ಕಡೆ ಬಾಗಿದರು. "ಯಂತ್ರದ ತಾರೀಖು ಒಂದಿನ ಹಿಂದ ಹಾಕು. ಅದಕ್ಕ ನಾಳೆ ಶುಕ್ರವಾರ ಅಂತ ಅನಸತದ, ಅಳಸೂದಿಲ್ಲ. ಪ್ರೋಗ್ರಾಮ್ ಮುಟ್ಟಿಲ್ಲ, ಮೊಹರು ಒಡದಿಲ್ಲ. ಸೋಮವಾರ ಕೂತು ಎರಡು ಸಾಲು ಸರಿ ಮಾಡು. ಅವರ ಕೈಗೆ ಹೋಗೂ ಪ್ರತಿ ಸರಿ ಇರತದ. ಯಾರಿಗೇನು ಹಾನಿ ಆತು?"

"ಮತ್ತ ಆ ಪಟ್ಟಿ?"

"ಸರಿ ಮಾಡಿದ ಮ್ಯಾಲ ಅದು ದೋಷ ಹೆಂಗಾಗತದ?" ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಆರು ಮನಿ ಅದಾವ ಸುವರ್ಣಾ."

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಬರೆಯಬೇಕು. ನಾನು ಬೇಡ ಎನ್ನಲಿಲ್ಲ. ದೋಷ ನನ್ನದು. ಅದು ಮುಚ್ಚಿಹೋದರೆ ಎಲ್ಲರಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಶನಿವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಘಟಕದ ರವಾನೆ ವಿಭಾಗದಲ್ಲಿದ್ದೆವು. ಅಲ್ಲಿನ ಮೇಲ್ವಿಚಾರಕ ಶೇಖ್ ಚಾಚಾ, ದಿನಾ ಖುಲ್ತಾಬಾದಿನಿಂದ ಬಸ್ಸಿನಲ್ಲಿ ಬರುವವರು. ತಾಯಿ ಹುಮನಾಬಾದಿನವರು. ಮನೆಯಲ್ಲಿ ಕೇಳಿದ ಕನ್ನಡವನ್ನು ನಮ್ಮ ಜೊತೆ ಮಾತ್ರ ಆಡುತ್ತಿದ್ದರು, ತಪ್ಪಿದರೆ ತಾವೇ ನಗುತ್ತಿದ್ದರು. ಪ್ರಧಾನ್ ಸಾಹೇಬರು ಒಂಬತ್ತಕ್ಕೆ ಬಂದು, ಮೊದಲ ಪಾಳಿಯ ಚಲಾನುಗಳಿಂದಲೇ ಲೆಕ್ಕ ನೋಡುವವರಿದ್ದರು. ನಾನು ಯಂತ್ರದ ಮುಂದೆ ಕೂತು ತಾರೀಖು ಬದಲಿಸುವ ಆದೇಶ ಟೈಪ್ ಮಾಡಿದೆ. ಪರದೆ ಇವತ್ತಿನ ತಾರೀಖು ತೋರಿಸಿ, ಹೊಸದು ಏನು ಎಂದು ಕೇಳಿತು.

ಚಾಚಾ ಹಿಂದಿನಿಂದ ನೋಡಿದರು. "ತಾರೀಖಿಗೆ ಕೈ ಹಚ್ಚಬ್ಯಾಡ ಬೇಟಾ. ಚಲಾನ್ ಮ್ಯಾಲ ನಿನ್ನೆ ತಾರೀಖ್ ಬಿದ್ರ ಗೇಟಿನಾಗ ಟ್ರಕ್ ನಿಂದರಸ್ತಾರ. ನಿನ್ನೆ ಕಾರ್ಖಾನಾ ಬಂದ್ ಇತ್ತು, ಮಾಲ್ ಎಲ್ಲಿಂದ ಬಂತು ಅಂತ ಕೇಳ್ತಾರ. ನಾ ಏನ್ ಹೇಳಲಿ?"

ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಶರಣಪ್ಪ ಸರ್, "ಒಂದೆರಡು ತಾಸು ಅಷ್ಟರಿ ಚಾಚಾ," ಎಂದರು.

"ಶನಿವಾರದ ತ್ರಾಸಿನ ಸಲುವಾಗಿ ಮಾಡ್ತೀರೇನು?" ಚಾಚಾ ನಕ್ಕರು. "ಅದಕ್ಕ ನಾ ಇದ್ದೀನಲ್ಲ. ಎಂಟಕ್ಕ ನಿಮ್ಮ ಟಪಾಲು ಎಲ್ಲಾ ನುಂಗತದ. ಪೋಂಚ್ ನಂಬರ್ ಬರದೇ ಇದ್ದದ್ದು ನಾ ಮತ್ತ ಟೈಪ್ ಮಾಡ್ತೀನಿ. ಹನ್ನೊಂದು ಶನಿವಾರ ಆತು."

ಸಾತಪುರಕ್ಕೆ ಮುಟ್ಟಿದ ಪ್ರತಿ ಚಲಾನಿಗೂ ಒಂದು ಪೋಂಚ್ ನಂಬರು ವಾಪಸು ಬರುತ್ತಿತ್ತು. ಚಾಚಾ ಅದನ್ನು ತಮ್ಮ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ನಂಬರು ಬಾರದವಕ್ಕೆ ಕೆಂಪು ಗೆರೆ. ಪುಟ ತಿರುಗಿಸಿ ತೋರಿಸಿದರು. ಹನ್ನೊಂದು ಕಡೆ ಕೆಂಪು. ಆ ಹನ್ನೊಂದರಲ್ಲಿ ಮೂರು ಶನಿವಾರ ಅವರ ಕಣ್ಣು ತಪ್ಪಿದ ಚಲಾನುಗಳಷ್ಟೇ ನನ್ನ ಮೂರು ದೂರುಗಳಾಗಿದ್ದವು.

"ನಮಗ್ಯಾಕ ಹೇಳಲಿಲ್ಲ ಚಾಚಾ?"

"ಹೇಳಿದ್ರ ನಿನ್ನ ಮ್ಯಾಲ ಬರತದ. ನಮ್ಮ ಕಡೀ ಹುಡುಗಿ, ಬೈಸಿಕೊಳ್ಳೋದು ಯಾಕ ಅಂತ ಬಿಟ್ಟೆ."

"ಕ್ಯಾ ಬೋಲ್ ರಹೇ ಹೈ ಯೇ?" ಎಂದು ಚಾಚಾ ಆಡಿದ ಮಾತಿನ ಅರ್ಥ ಕೇಳುವ ದನಿ ಬಾಗಿಲಿನಿಂದ ಬಂತು. ಪ್ರಧಾನ್ ಸಾಹೇಬರು. ಮೊದಲ ಪಾಳಿಯನ್ನು ನೋಡಬೇಕೆಂದು ಬೇಗ ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನಿಂತಿದ್ದರೂ ಕನ್ನಡ ಅವರಿಗೆ ಬರುತ್ತಿರಲಿಲ್ಲ.

ಚಾಚಾ ಏನೋ ತಪ್ಪು ಮಾತಾಡಿದೆ ಎಂದು ರಿಜಿಸ್ಟರು ಮುಚ್ಚಿದರು. ಶರಣಪ್ಪ ಸರ್ ಹಿಂದಿಯಲ್ಲಿ, "ರಿಜಿಸ್ಟರ್ ಕೀ ಬಾತ್..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮಾತು ಅವರಿಗೆ ಸಿಗಲಿಲ್ಲವೋ, ಆಡಲು ಮನಸ್ಸಾಗಲಿಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ನನ್ನ ಕಡೆ ನೋಡಿದರು.

ನಾನು ಹಿಂದಿಯಲ್ಲಿ ಹೇಳಿದೆ. ಸರ್ವರು ಶನಿವಾರ ಎಂಟಕ್ಕೆ ಕಳಿಸದ ಚಲಾನುಗಳನ್ನೂ ಅಳಿಸುತ್ತದೆ ಎಂದೆ. ನನ್ನ ಡೈರಿಯಲ್ಲಿ ಮೂರು ಸಲ ಎಂದಿದೆ, ನಿಜವಾಗಿ ಹನ್ನೊಂದು ಸಲ ಎಂದೆ. ಇವರು ಕೈಯಿಂದ ಮತ್ತೆ ಟೈಪ್ ಮಾಡಿದ್ದರಿಂದ ಹೊರಗೆ ಬಂದಿಲ್ಲ, ಆ ಭಾಗ ಬರೆದವಳು ನಾನು ಎಂದೆ.

"ನಿಮಗೆ ಯಾವಾಗ ಗೊತ್ತಾಯಿತು?" ಎಂದರು ಪ್ರಧಾನ್ ಸಾಹೇಬರು.

"ನಿನ್ನೆ ಎರಡೂ ಇಪ್ಪತ್ತಕ್ಕೆ."

ಅವರು ಬಗ್ಗಿ ಪರದೆ ನೋಡಿದರು. ಹೊಸ ತಾರೀಖು ಕೇಳುವ ಸಾಲು ಇನ್ನೂ ಅಲ್ಲೇ ಇತ್ತು. ಅದನ್ನು ಅಳಿಸುವ ನೆನಪೂ ನನಗಾಗಿರಲಿಲ್ಲ. ಅವರು ಓದಿದರು, ಶರಣಪ್ಪ ಸರ್ ಮುಖ ನೋಡಿದರು, ನನ್ನ ಮುಖ ನೋಡಿದರು.

"ಎಂಟರ್ ಒತ್ತಿ," ಎಂದರು. "ಇದ್ದ ತಾರೀಖೇ ಇರಲಿ. ಎಂಟಕ್ಕೆ ಏನಾಗುತ್ತದೆ ನೋಡೋಣ."

ಲೈನಿನ ವಯರನ್ನು ತಾವೇ ಕಿತ್ತರು. ಚಾಚಾ ಚಲಾನು ಹಾಕುತ್ತ ಹೋದರು. ಎಂಟಕ್ಕೆ ಒಂದು ನಿಮಿಷ ಇರುವಾಗ ಸರತಿಯಲ್ಲಿ ಹದಿನೇಳು. ಡಿಸ್ಕಿನ ಕೆಂಪು ದೀಪ ಎರಡು ಸಲ ಮಿನುಗಿತು. ಸರತಿಯಲ್ಲಿ ಸೊನ್ನೆ. ವಯರು ಚುಚ್ಚಿ ಐದು ನಿಮಿಷ ಕಾದೆವು. ಸಾತಪುರದ ಯಂತ್ರದ ಮುಂದೆ ನಮ್ಮ ಲೈನ್‌ಮನ್ ವಾಘ್ ಕೂತಿದ್ದ. ಇನ್ನೊಂದು ಫೋನಿನಲ್ಲಿ, "ಮ್ಯಾಡಮ್, ಇಥೆ ಕಾಹೀಚ್ ಆಲೇ ನಾಹೀ," ಎಂದ. ಅಲ್ಲಿಗೆ ಏನೂ ಮುಟ್ಟಿರಲಿಲ್ಲ.

ಪ್ರಧಾನ್ ಸಾಹೇಬರು ಕುರ್ಚಿ ಎಳೆದುಕೊಂಡು ರಿಜಿಸ್ಟರಿನ ಕೆಂಪು ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ನನ್ನ ಡೈರಿ ಕೇಳಿ ಪಕ್ಕದಲ್ಲಿಟ್ಟರು. "ನಿಮ್ಮ ಅಕ್ಷರ ಚೆನ್ನಾಗಿದೆ," ಎಂದರು. ಅದು ಹೊಗಳಿಕೆಯಾಗಿರಲಿಲ್ಲ. ಹತ್ತು ದಿನದಲ್ಲಿ ತಿಳಿಸುತ್ತೇನೆ ಎಂದು ಹೇಳಿ ಹೋದರು. ಹದಿನೇಳು ಚಲಾನುಗಳನ್ನು ಚಾಚಾ ಮತ್ತೆ ಟೈಪ್ ಮಾಡಿದರು. ಒಂದೊಂದನ್ನು ನಾನು ಓದಿ ಹೇಳಿದೆ.

ಬಸ್ಸಿನಲ್ಲಿ ಶರಣಪ್ಪ ಸರ್, ವೈಜಾಪುರ ದಾಟಿದ ಮೇಲೆ ಕಿಟಕಿಯ ಕಡೆ ಮುಖಮಾಡಿಕೊಂಡೇ ಹೇಳಿದರು. "ನೀವು ಖರೇ ಹೇಳಿ ದೊಡ್ಡವರಾದ್ರಿ. ನಾ ಏನಾದೆ?"

ಆ ಬಹುವಚನ ಕೆನ್ನೆಗೆ ಬಿದ್ದ ಹಾಗಾಯಿತು. "ತಾರೀಖಿನ ಆದೇಶ ಟೈಪ್ ಮಾಡಿದ ಕೈ ನಂದರಿ ಸರ್," ಎಂದೆ. "ಚಾಚಾ ತಡೀದಿದ್ರ ಒತ್ತತಿದ್ದೆ."

"ಒತ್ತತಿದ್ರೇನು?"

"ಹೌದ್ರಿ."

ಯೇವಲಾದಲ್ಲಿ ಇಳಿದು ಎರಡು ಚಹಾ ತಂದರು. ಒಂದನ್ನು ನನಗೆ ಕೊಟ್ಟು, "ಬಿಸಿ ಅದ, ಬಟ್ಟಿ ಹಚ್ಚಿ ಹಿಡಿ," ಎಂದರು.

ಆ ಹತ್ತು ದಿನ ನಮ್ಮ ವೃತ್ತಿಯ ಬಗ್ಗೆ ನಾನು ಕಲಿತಷ್ಟು ಉಳಿದ ಮೂವತ್ತು ವರ್ಷದಲ್ಲಿ ಕಲಿತಿಲ್ಲ. ಶರಣಪ್ಪ ಸರ್ ಇಡೀ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಮತ್ತೆ ಓದಿಸಿದರು. ಈ ಸಲ 'ಯಾಕೆ' ಎಂದು ಕೇಳಲಿಲ್ಲ. 'ಇದು ಎಲ್ಲಿ ಹಿಂಗ ಇರೂದಿಲ್ಲ?' ಎಂದು ಕೇಳಿದರು. ರಜೆ ಎಂದು, ಪಾಳಿ ಎಂದು, ಹಣಕಾಸಿನ ವರ್ಷ ಎಂದು, ಟೆಲಿಫೋನ್ ನಂಬರಿಗೆ ಇಷ್ಟೇ ಅಂಕೆ ಎಂದು ನಾವು ಸಾತಪುರದ ಮಹಡಿಯಿಂದ ಕಂಡದ್ದನ್ನೇ ಎಲ್ಲ ಕಡೆಯ ಸತ್ಯ ಮಾಡಿದ್ದೆವು. ಹತ್ತೊಂಬತ್ತು ಸಿಕ್ಕವು. ಶನಿವಾರದ್ದೂ ಸೇರಿ ಹದಿನೇಳನ್ನು ಸರಿಮಾಡಿ ಹೊಸ ಪ್ರತಿಯನ್ನು ಮುಂಬಯಿಗೆ ಕಳಿಸಿದೆವು. ಎರಡು ಆ ಅವಧಿಯಲ್ಲಿ ಆಗುವಂಥವಾಗಿರಲಿಲ್ಲ.

ಹನ್ನೊಂದನೆಯ ದಿನ ಪ್ರಧಾನ್ ಸಾಹೇಬರ ಫೋನು ಬಂತು. ಲೈಸೆನ್ಸಿಗೆ ಒಪ್ಪಿಗೆ ಇದೆ, ಮುಂಬಯಿಗೆ ಬನ್ನಿ ಎಂದರು. ಒಪ್ಪಂದದ ಕಾಗದಗಳು ಅಲ್ಲೇ ಸಿದ್ಧವಾಗಿದ್ದವು. ದೋಷಗಳ ಪಟ್ಟಿಯಲ್ಲಿ ಒಂದೇ ಸಾಲು, ಶನಿವಾರದ್ದು. ಎದುರಿಗೆ 'ಸರಿಪಡಿಸಲಾಗಿದೆ' ಎಂದು ಟೈಪಾಗಿತ್ತು. ಸರಿಮಾಡದೆ ಉಳಿದ ಎರಡರ ವಿಷಯ ಅವರಿಗೆ ಗೊತ್ತಿರಲಿಲ್ಲ. ರೈಲಿನಲ್ಲಿ ಶರಣಪ್ಪ ಸರ್ ಅದನ್ನು ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾರ್ಚಿ ಮುಗಿಯಲು ಎಂಟು ದಿನ ಉಳಿದಿದ್ದವು.

ಪ್ರಧಾನ್ ಸಾಹೇಬರು ಪೆನ್ನು ತೆರೆದು, ಕಾಗದದ ಮೇಲೆ ಇಡುವ ಮುಂಚೆ ನನ್ನನ್ನೇ ನೋಡಿ ಕೇಳಿದರು. "ಔರ್ ಕುಛ್?" ಇನ್ನೇನಾದರೂ ಇದೆಯೇ ಎಂದು.

ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಪ್ಪ ಸರ್ ಹೇಳಿದರು. "ದೋ ಔರ್ ಹೈ ಸಾಹೇಬ್. ಬೈಠಿಯೇ, ಬತಾತಾ ಹೂಂ."

ಪ್ರಧಾನ್ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಶರಣಪ್ಪ ಸರ್ ಒಂದು ತಾಸು ಎರಡನ್ನೂ ಬಿಡಿಸಿ ಹೇಳಿದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಆ ದಿನ ಸಹಿ ಆಗಲಿಲ್ಲ. ಪಟ್ಟಿ ಹೊಸದಾಗಿ ಟೈಪಾಗಬೇಕು, ವಕೀಲರು ನೋಡಬೇಕು ಎಂದರು. ನಾವು ಬರಿಗೈಯಲ್ಲಿ ನಾಶಿಕಕ್ಕೆ ಬಂದೆವು.

ಆರನೆಯ ದಿನ ಕೊರಿಯರಿನಲ್ಲಿ ಕಾಗದಗಳು ಬಂದವು, ಆ ಕಡೆಯ ಸಹಿ ಬಿದ್ದಿತ್ತು. ದೋಷಗಳ ಪಟ್ಟಿಯಲ್ಲಿ ಮೂರು ಸಾಲು. ಕೆಳಗೆ ಪರೀಕ್ಷಕರ ಸಹಿಗೆಂದು ಒಂದೇ ಜಾಗ. ನಾನು ಪೆನ್ನು ತೆಗೆಯುವಾಗ ಶರಣಪ್ಪ ಸರ್ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆ ಜಾಗದ ಮೇಲಿನ ಖಾಲಿಯಲ್ಲಿ ಮೊದಲು ತಮ್ಮ ಹೆಸರು ಬರೆದು, ಆಮೇಲೆ ನನ್ನ ಮುಂದೆ ಸರಿಸಿದರು.